ಅಗ್ಯೈವಾ ಅಜ್ಜಿಯ ಪೀಠದ ಮೇಲೆ ಕೂತ ಬಿಳಿ ಪೆಟ್ಟಿಗೆಯವರಿಗೆ

ಇಪ್ಪತ್ತೇಳನೆಯ ಕೋಣೆಯ ಗಾಜಿನ ಮನೆಯಲ್ಲಿ ಸುಖಾಸೀನರಾಗಿರುವ
ತೇವ ಅಳೆಯುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಒಡುಮ್‌ಕ್ರೋಮ್ ಊರಿನ ಸಮಸ್ತ ಹೆಂಗಸರ ಪರವಾಗಿ, ಕುಮಾಸಿ ಮಾರುಕಟ್ಟೆಯಲ್ಲಿ ಹೆಗ್ಗೆಣಸು ಮಾರುವವರ ಸಂಘದ ಪರವಾಗಿ, ಸದರಿ ಸಂಘದ ಕಾರ್ಯದರ್ಶಿಯಾದ ನಾನು ಎದ್ದು ನಿಂತು ತಮಗೆ ನಮಸ್ಕರಿಸುತ್ತೇನೆ. ಇಂಥ ಕಡೆ 'ತಾವು ಏಳಬೇಕಾಗಿಲ್ಲ, ಕೂತೇ ಇರಿ' ಎಂದು ಬರೆಯುವುದು ಸೌಜನ್ಯದ ವಾಡಿಕೆ. ಈ ಪತ್ರದ ಮಟ್ಟಿಗೆ ಆ ವಾಡಿಕೆಯನ್ನು ಮುರಿಯುತ್ತಿದ್ದೇನೆ. ದಯವಿಟ್ಟು ಏಳಿ.

ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ. ಅದು ತಮ್ಮ ಹೊಟ್ಟೆಯ ಮೇಲೆಯೇ ಅಂಕಿಯಲ್ಲಿ ಬರೆದುಕೊಂಡಿರುತ್ತದೆ. ನಾನು ದರ್ಶನಕ್ಕೆ ಬಂದ ದಿನ ಐವತ್ತೊಂದು ಇತ್ತು. ಮೂವತ್ತು ವರ್ಷದಿಂದ ನಗರಸಭೆಗೆ, ಪೊಲೀಸರಿಗೆ, ಒಬ್ಬರಾದ ಮೇಲೊಬ್ಬರು ಬಂದುಹೋದ ಮಂತ್ರಿಗಳಿಗೆ ಅರ್ಜಿ ಗೀಚಿ ಗೀಚಿ ನನ್ನ ಬೆರಳು ಸವೆದಿವೆ, ಆದರೆ ಯಂತ್ರವೊಂದಕ್ಕೆ ಬರೆಯಬೇಕಾಗಿ ಬಂದದ್ದು ಈ ವಿಷಯದಲ್ಲೇ ಮೊದಲು. ತಮ್ಮ ಆ ಮಹಾ ವಸ್ತುಸಂಗ್ರಹಾಲಯದಲ್ಲಿ ಬಾಗಿಲು ಕಾಯುವವರಿಂದ ಹಿಡಿದು ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡವರವರೆಗೆ ಯಾರನ್ನು ಕೇಳಿದರೂ 'ನಮ್ಮ ಕೈಯಲ್ಲಿಲ್ಲ' ಎಂದು ತಮ್ಮ ಕಡೆಗೇ ಬೆರಳು ತೋರಿಸಿದರು. ಅಲ್ಲಿಯ ನಿಜವಾದ ಯಜಮಾನರು ತಾವೇ ಎಂದು ಮನಗಂಡು, ನಡುವಿನ ಗುಮಾಸ್ತರನ್ನೆಲ್ಲ ದಾಟಿ ನೇರ ತಮ್ಮ ಪಾದಕ್ಕೆ ಬಂದಿದ್ದೇನೆ. ಪಾದ ತಮಗಿಲ್ಲವೆಂಬುದು ಬೇರೆ ಮಾತು.

ವಿಷಯ ಇಷ್ಟೇ. ತಾವು ಕೂತಿರುವುದು ನಮ್ಮ ಪೀಠ.

ನಮ್ಮಲ್ಲಿ ಒಬ್ಬರು ಕೂರುವ ಮರದ ಪೀಠದಿಂದ ಏಳುವವರು ಅದನ್ನು ಮಗ್ಗುಲಿಗೆ ಮಲಗಿಸಿಯೇ ಮುಂದಿನ ಹೆಜ್ಜೆ ಇಡಬೇಕು. ಒಲೆ ಆರಿಸುವ ಹಾಗೆ, ಬಾಗಿಲು ಎಳೆದುಕೊಳ್ಳುವ ಹಾಗೆ, ಕೈ ತಾನಾಗಿಯೇ ಮಾಡುವ ಕೆಲಸ ಅದು. ನೆಟ್ಟಗೆ ಬಿಟ್ಟುಹೋದರೆ ದಾರಿಹೋಕ ಪ್ರೇತವೋ, ಮಾಡಲು ಕೆಲಸವಿಲ್ಲದ ಪಿಶಾಚಿಯೋ ಬಂದು ಕೂತುಬಿಡುತ್ತದೆ, ಒಮ್ಮೆ ಕೂತದ್ದನ್ನು ಏಳಿಸುವುದು ಸುಲಭವಲ್ಲ. ಇದನ್ನು ಮೂಢನಂಬಿಕೆ ಎಂದು ನಗುವವರು ಇಪ್ಪತ್ತೇಳನೆಯ ಕೋಣೆಗೆ ಹೋಗಿ ತಮ್ಮನ್ನು ಒಮ್ಮೆ ನೋಡಿಬರಲಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ನೂರೈವತ್ತು ವರ್ಷದ ಹಿಂದೆ ನಮ್ಮೂರ ಹೆಂಗಸರ ಹಿರಿಯಳಾದ ರಾಜಮಾತೆ ನಾನಾ ಅಗ್ಯೈವಾ (ನಾನಾ ಎಂಬುದು ನಮ್ಮಲ್ಲಿ ಹಿರಿಯರಿಗೆ ಕೊಡುವ ಗೌರವದ ಬಿರುದು) ಆ ಪೀಠದ ಮೇಲೆ ಕೂತು ಒಂದು ಮೇಕೆಯ ವ್ಯಾಜ್ಯ ಕೇಳುತ್ತಿದ್ದಳು. ಮೂಡಣ ದಿಕ್ಕಿನಲ್ಲಿ ಹೊಗೆ ಎದ್ದಿತು. ತಮ್ಮ ದೇಶದ ಸಿಪಾಯಿಗಳು ಮಗ್ಗುಲ ಊರನ್ನು ಸುಟ್ಟು ನಮ್ಮೂರ ಕಡೆ ಬರುತ್ತಿದ್ದರು. ಅಗ್ಯೈವಾ ಎದ್ದಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು, ಊರ ಜನವನ್ನು ಕಾಡಿಗೆ ಹೊರಡಿಸಿಕೊಂಡು ಓಡಿದಳು. ಇನ್ನೂರು ಜೀವ ಉಳಿಯಿತು. ಪೀಠ ಮಲಗಿಸುವುದನ್ನು ಮರೆತಳು; ನೆಟ್ಟಗಿದ್ದದ್ದನ್ನು ಸಿಪಾಯಿಗಳು ಹೊತ್ತೊಯ್ದರು. ಒಂದು ಊರನ್ನು ಉಳಿಸಿದ ಹೆಂಗಸನ್ನು ನಮ್ಮ ಜನ ಯಾವುದಕ್ಕೆ ನೆನೆಯುತ್ತಾರೆ ಗೊತ್ತೇ? ಕೆಲಸ ಅರ್ಧಕ್ಕೆ ಬಿಟ್ಟು ಎದ್ದ ಹುಡುಗಿಗೆ ಇವತ್ತಿಗೂ ನಮ್ಮೂರಲ್ಲಿ ಬೀಳುವ ಬೈಗುಳ ಇದು: "ಅಗ್ಯೈವಾ ಎದ್ದಂಗೆ ಎದ್ದುಹೋದ್ಲು ನೋಡು." ಸುಟ್ಟವರ ಹೆಸರು ಗಾದೆಯಾಗಲಿಲ್ಲ, ಓಡಿದವಳ ಹೆಸರಾಯಿತು. ನಾವು ಅಷ್ಟು ಒಳ್ಳೆಯ ಜನ, ಮಾನ್ಯರೇ.

ನನ್ನ ದೊಡ್ಡಮ್ಮ ನಾನಾ ಪೊಕುವಾ ಈಗಿನ ರಾಜಮಾತೆ. ಅಗ್ಯೈವಾ ಆಕೆಯ ಅಜ್ಜಿಯ ತಾಯಿ. ವಯಸ್ಸು ಎಂಬತ್ತೊಂಬತ್ತು, ಕಣ್ಣು ಮಂದ, ನಾಲಿಗೆ ಮಾತ್ರ ಹೊಸ ಕತ್ತಿ. ನನ್ನ ತಂಗಿಯ ಮಗಳು ಕೊನಾಡು ತಮ್ಮ ಊರಿನ ಆಸ್ಪತ್ರೆಯಲ್ಲಿ ನರ್ಸು. ಸಂಗ್ರಹಾಲಯದಲ್ಲಿ ಅಗ್ಯೈವಾಳ ಹೆಸರಿನ ಚೀಟಿ ಅಂಟಿಸಿದ ಪೀಠವೊಂದನ್ನು ಗಾಜಿನೊಳಗೆ ನೆಟ್ಟಗೆ ನಿಲ್ಲಿಸಿದ್ದಾರೆಂದು ಅವಳು ಫೋನು ಮಾಡಿದಾಗ ದೊಡ್ಡಮ್ಮ ಒಂದು ಹೊತ್ತು ಊಟ ಬಿಟ್ಟಳು. ಆಮೇಲೆ ನನ್ನನ್ನು ಕರೆಸಿದಳು.

"ತರಕ್ಕೆ ಹೋಗ್ಬೇಡ ಕಣೇ," ಎಂದಳು. "ತರೋದು ಮಂತ್ರಿಗಳ ಜಗಳ, ಇನ್ನೊಂದು ನೂರು ವರ್ಷ ಮಾಡ್ಕೊಂಡಿರ್ಲಿ. ನೀನು ಹೋಗಿ ಬರೀ ಮಲಗಿಸಿ ಬಾ. ಅರೆಗಳಿಗೆ ಕೆಲಸ. ನಾಳೆ ನಾನು ಸತ್ತು ಆಯಮ್ಮನ ಮುಂದೆ ನಿಂತ್ರೆ, ಅವಳು ಬೇರೆ ಏನೂ ಕೇಳಲ್ಲ. ಮಲಗಿಸಿದ್ರಾ ಅಂತ ಕೇಳ್ತಾಳೆ. ನಾನೇನಂತ ಬಾಯಿ ಬಿಡ್ಲಿ?"

ತಮ್ಮ ದೇಶಕ್ಕೆ ಬರಲು ನನಗೆ ಹದಿನೇಳು ಕಾಗದ ಬೇಕಾದವು. ವೀಸಾ ಕಚೇರಿಯ ಮಹನೀಯರು, ನಾನು ಕಡೆಗೆ ನನ್ನ ಊರಿಗೇ ಮರಳುತ್ತೇನೆಂಬುದಕ್ಕೆ ಖಾತ್ರಿ ಏನು ಎಂದು ಮೂರು ಸಲ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು, ನಾನು ಒಪ್ಪುತ್ತೇನೆ. ಪೀಠ ಹಡಗು ಹತ್ತಿದ ದಿನ ಯಾರಾದರೂ ಅದನ್ನು ಹೀಗೆಯೇ ಕೇಳಿದ್ದರೆ ಈ ಪತ್ರಕ್ಕೆ ಒಂದು ಹಾಳೆಯೂ ಖರ್ಚಾಗುತ್ತಿರಲಿಲ್ಲ.

ತಮ್ಮ ಅರಮನೆಯ ವೈಭವದ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನಳಾಗುತ್ತೇನೆ. ತಲೆಯಿಲ್ಲದ ಅಮೃತಶಿಲೆಯ ಗಂಡಸರು ಒಂದು ಕೋಣೆ ತುಂಬ, ಮೂಗಿಲ್ಲದವರು ಎರಡು ಕೋಣೆ ತುಂಬ ಇದ್ದರು. ಈಜಿಪ್ಟಿನ ಸತ್ತವರು ಬಟ್ಟೆ ಸುತ್ತಿಕೊಂಡು ಮಲಗಿದ್ದರು, ಅವರ ಸುತ್ತ ಜನ ಪಿಸುಮಾತಿನಲ್ಲಿ ಓಡಾಡುತ್ತಿದ್ದರು. ಸಾವಿನ ಮನೆಯೆಂದು ನಾನೂ ತಲೆ ಬಗ್ಗಿಸಿದೆ, ಆದರೆ ಅಳುವವರು ಯಾರೂ ಕಾಣಲಿಲ್ಲ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಇಡೀ ಲೋಕದ ಮನೆಗಳಿಂದ ಒಂದೊಂದು ಸಾಮಾನು ಎತ್ತಿ ಒಂದೇ ಸೂರಿನಡಿ ಇಷ್ಟು ಚೊಕ್ಕವಾಗಿ ಜೋಡಿಸಿ, ಧೂಳು ಒರೆಸಿ, ದೀಪ ಹಾಕಿ, ನಮ್ಮನ್ನೇ ಸಾಲಾಗಿ ನಿಲ್ಲಿಸಿ ತೋರಿಸುವುದು ಸಾಮಾನ್ಯ ಕಳ್ಳರ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಮಾರುಕಟ್ಟೆಯ ಕಳ್ಳರು ಕದ್ದದ್ದನ್ನು ಬಚ್ಚಿಡುತ್ತಾರೆ, ಪಾಪ. ಅವರಿಗೆ ಶಿಕ್ಷಣ ಸಾಲದು.

ನನ್ನ ಮಂಡಿನೋವು ನೋಡಿ ಕೊನಾಡು ಬಾಗಿಲಲ್ಲಿ ಕೊಡುವ ಮಡಿಸುವ ಸ್ಟೂಲೊಂದನ್ನು ತಂದುಕೊಟ್ಟಿದ್ದಳು. ಇಪ್ಪತ್ತಾರನೆಯ ಕೋಣೆಯಲ್ಲಿ ಅರೆಗಳಿಗೆ ಕೂತೆ, ಎದ್ದೆ, ಕೈಯ ಅಭ್ಯಾಸದಂತೆ ಅದನ್ನು ಮಗ್ಗುಲಿಗೆ ಮಲಗಿಸಿ ಗೋಡೆಯ ಚಿತ್ರ ನೋಡಲು ಹೋದೆ. ತಿರುಗಿ ನೋಡಿದರೆ ಸ್ಟೂಲು ನೆಟ್ಟಗೆ ನಿಂತಿತ್ತು. ಮತ್ತೆ ಮಲಗಿಸಿದೆ. ಮತ್ತೆ ನಿಂತಿತು. ಮೂರನೆಯ ಸಲ ನಿಲ್ಲಿಸುತ್ತಿದ್ದವರನ್ನು ಕೈಯಾರೆ ಹಿಡಿದೆ: ಕೋಣೆ ಕಾಯುವ ಹ್ಯಾಡ್ಲಿ ಎಂಬ ನರೆಗೂದಲಿನ ದೊಡ್ಡ ಮನುಷ್ಯರು.

"ಮೇಡಂ, ಹಿಂಗೆ ಬೀಳಿಸಿ ಹೋದ್ರೆ ಯಾರಾದ್ರೂ ಎಡವಿ ಬೀಳ್ತಾರೆ," ಎಂದರು ಹ್ಯಾಡ್ಲಿ.

"ಎಡವಿ ಬಿದ್ದವರು ಎದ್ದು ಹೋಗ್ತಾರಪ್ಪ," ಎಂದೆ. "ಕೂತವರು ಏಳಲ್ಲ. ನಮಗೆ ಅವರದೇ ಭಯ."

ಅವರು ನಗಲಿಲ್ಲ, ಯೋಚನೆ ಮಾಡಿದರು. "ಹಂಗಾದ್ರೆ ಮುಂದಿನ ಕೋಣೇಲಿರೋದು ನೋಡಿದ್ರೆ ನಿಮಗೆ ಬೇಜಾರಾಗುತ್ತೆ," ಎಂದು ಅವರೇ ಕರೆದುಕೊಂಡು ಬಂದರು.

ತಮ್ಮ ಪ್ರಥಮ ದರ್ಶನವಾದದ್ದು ಆಗ. ಅಗ್ಯೈವಾಳ ಪೀಠ ನೆಟ್ಟಗೆ ನಿಂತಿತ್ತು; ನಡುಗಂಬದಲ್ಲಿ ಬೆಳ್ಳಿಯ ಪಟ್ಟಿ, ಒಂದು ಅಂಚಿನಲ್ಲಿ ಸೀಳು; ಆಕೆಯ ತೊಡೆ ಸವೆಸಿದ ತಗ್ಗಿನ ನಟ್ಟನಡುವೆ, ಅಂಗೈಯಗಲದ ಬಿಳಿ ಪೆಟ್ಟಿಗೆಯಾಗಿ, ತಾವು. ಸುತ್ತ ಅಷ್ಟು ಜಾಗವಿದ್ದರೂ ತಾವು ಆರಿಸಿಕೊಂಡದ್ದು ಅದನ್ನೇ. ಪ್ರೇತ ಕೂರುತ್ತದೆಂದು ಬಾಲ್ಯದಿಂದ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು. ಕೊನಾಡು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕಳು, ಆಮೇಲೆ ಅದೇ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು.

"ತೆಗೆದು ಮಲಗಿಸಿಬಿಡಿ, ಸ್ವಾಮಿ," ಎಂದು ಹ್ಯಾಡ್ಲಿಯವರನ್ನು ಕೇಳಿದೆ.

"ನಾನು ತೆಗೀಲಾ? ಗಾಜು ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ. ನಿಜ ಹೇಳ್ಬೇಕಂದ್ರೆ ಇಲ್ಲಿ ಯಜಮಾನ್ರು ಅವರೇ." ತಮ್ಮನ್ನು ತೋರಿಸಿದರು. "ಐವತ್ತೈದು ದಾಟಿದ್ರೆ ಮೇಲಿನ ಮಹಡಿಗೆ ತಾವೇ ಸುದ್ದಿ ಕಳಿಸ್ತಾರೆ. ದೊಡ್ಡ ಸಾಹೇಬರು ಕೂಡ ಇವರ ಅಂಕಿ ಕೇಳ್ದೆ ಬೀಗ ತೆಗೆಯಲ್ಲ."

ಮೇಲಿನ ಮಹಡಿಯಿಂದ ಡಾಕ್ಟರ್ ವಿನ್‌ಸ್ಲೇಡ್ ಎಂಬ ಹೆಂಗಸು ಇಳಿದು ಬಂದರು. ಒಳ್ಳೆಯ ಹೆಂಗಸು, ಇದನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ, ಅದಕ್ಕೇ ಹೆಚ್ಚು ಸಿಟ್ಟು. ನನ್ನ ಕೈ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಆದ್ರೆ ಗಾಜು ತೆರೆಯೋಕೆ ಆರು ವಾರ ಅಂಕಿ ಒಂದೇ ಸಮ ಇರಬೇಕು, ಸಮಿತಿ ಕೂರಬೇಕು, ಮಲಗಿಸಿದ್ರೆ ಆ ಸೀಳಿಗೆ ಏನಾಗುತ್ತೋ ವರದಿ ಬರಬೇಕು," ಎಂದರು. ಆ ಸೀಳು ಇದ್ದೇ ನಮ್ಮ ಮನೆಯಲ್ಲಿ ಪ್ರತಿದಿನ ಮಲಗಿ ಎದ್ದ ಪೀಠ ಅದು ಎಂದೆ. ತೇವ ತೊಂಬತ್ತಿರುವ ಊರಿನಲ್ಲಿ ಹುಟ್ಟಿದ ಮರ ಎಂದೆ. ಅವರ ಮುಖ ಇದ್ದಕ್ಕಿದ್ದಂತೆ ಅರಳಿತು. "ಒಂದು ಕೆಲಸ ಖಂಡಿತ ಮಾಡಬಹುದು. ನೀವು ಹೇಳಿದ್ದನ್ನ ಅಲ್ಲಿ ಒಂದು ಚೀಟಿ ಬರೆದು ಹಾಕ್ತೀವಿ."

ಹಾಕಿಯೂಬಿಟ್ಟರು, ಮಾನ್ಯರೇ. ಕೊನಾಡು ಅದರ ಫೋಟೋ ಕಳಿಸಿದ್ದಾಳೆ. 'ಈ ಸಮುದಾಯದಲ್ಲಿ ಪೀಠವನ್ನು ಬಳಸದಿದ್ದಾಗ ಮಗ್ಗುಲಿಗೆ ಮಲಗಿಸುವ ಪದ್ಧತಿಯಿದೆ' ಎಂದು ಮೂರು ಭಾಷೆಯಲ್ಲಿ, ಚಂದದ ಅಕ್ಷರದಲ್ಲಿ, ನೆಟ್ಟಗೆ ನಿಂತ ಪೀಠದ ಪಕ್ಕದಲ್ಲಿ. ಹಸಿದವನ ಎದುರು 'ಇವನಿಗೆ ಉಣ್ಣುವ ಪದ್ಧತಿಯಿದೆ' ಎಂದು ಬೋರ್ಡು ಬರೆದು ನಿಲ್ಲಿಸಿದ ಈ ಪಾಂಡಿತ್ಯಕ್ಕೆ ನಾನು ಬಾಗಿ ನಮಸ್ಕರಿಸುತ್ತೇನೆ. ಮೂವತ್ತು ವರ್ಷ ಬೀದಿಯಲ್ಲಿ ಕೂಗಿದವಳು ನಾನು; ಬೇಡಿಕೆಯನ್ನು ಒಪ್ಪಿಕೊಳ್ಳುವುದೇ ಅದನ್ನು ಹೂಳುವ ಅತ್ಯುತ್ತಮ ಉಪಾಯವೆಂದು ಇಷ್ಟು ಸ್ಪಷ್ಟವಾಗಿ ಯಾವ ಮಂತ್ರಿಯೂ ನನಗೆ ಕಲಿಸಿರಲಿಲ್ಲ.

ಊರಿಗೆ ಬಂದೆ. ದೊಡ್ಡಮ್ಮ ಅಂಗಳದಲ್ಲೇ ಕಾಯುತ್ತಿದ್ದಳು.

"ಮಲಗಿಸಿದ್ಯಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ, ನಾನಾ," ಎಂದೆ.

"ಯಾರೋ ಕೂತಿದ್ರಾ?"

"ಒಂದು ಬಿಳೀ ಪೆಟ್ಟಿಗೆ. ಗಾಳೀಲಿ ನೀರೆಷ್ಟಿದೆ ಅಂತ ಹೇಳೋ ಪೆಟ್ಟಿಗೆ."

"ಅಷ್ಟು ಹೇಳಕ್ಕೆ ಪೀಠ ಬೇಕಾ ಅದಕ್ಕೆ? ನಮ್ಮ ಕೋಳಿ ಹೇಳುತ್ತೆ." ದೊಡ್ಡಮ್ಮ ಆಮೇಲೆ ಹೇಳಿದ್ದನ್ನು ಅಕ್ಷರ ಬಿಡದೆ ತಮಗೆ ತಲುಪಿಸುತ್ತಿದ್ದೇನೆ. "ಒಂದೂರಿಗೆ ಇಬ್ಬರು ರಾಜಮಾತೆಯರು ಇರಕ್ಕಾಗಲ್ಲ. ಹಳೇ ಪೀಠದ ಮೇಲೆ ಕೂತವಳೇ ಹಿರಿಯಳು. ನಾನು ಸುಮ್ನಿರ್ತೀನಿ. ಅವಳಿಗೆ ಕಾಗದ ಬರಿ. ಕೂತಿದ್ದೀಯಲ್ಲ ತಾಯಿ, ಕೆಲಸಕ್ಕೂ ಬಾ ಅಂತ."

ಆದ್ದರಿಂದ ಪದ್ಧತಿಯ ಪ್ರಕಾರ ಒಡುಮ್‌ಕ್ರೋಮಿನ ರಾಜಮಾತೆಯಾದ ತಮಗೆ ಅಭಿನಂದನೆ ಸಲ್ಲಿಸುತ್ತ, ಬಾಕಿ ಬಿದ್ದ ಕೆಲಸಗಳನ್ನು ವಿನಯದಿಂದ ಗಮನಕ್ಕೆ ತಂದು ಮೊದಲ ಕಾಗದ ಬರೆದೆ. ಅದರಲ್ಲಿದ್ದದ್ದು ಇಷ್ಟು: ಹೋದ ಮಳೆಗಾಲದಿಂದ ಊರ ಮುಖ್ಯಸ್ಥನ ಸ್ಥಾನ ಖಾಲಿಯಿದೆ. ಹೆಸರು ಸೂಚಿಸಬೇಕಾದವರು ರಾಜಮಾತೆ. ಒಬ್ಬ ಲಾರಿ ಮಾಲೀಕ, ಇನ್ನೊಬ್ಬ ನಿವೃತ್ತ ಮೇಷ್ಟ್ರು ಕಿತ್ತಾಡುತ್ತಿದ್ದಾರೆ. ಅವರಲ್ಲಿ ಯಾರೊಳಗೆ ಇನ್ನೂ ಸ್ವಲ್ಪ ಪಸೆ ಉಳಿದಿದೆಯೆಂಬುದನ್ನು ತಾವಲ್ಲದೆ ಇನ್ನಾರು ಅಳೆದಾರು. ಬರುವ ಶನಿವಾರ ಬಟ್ಟೆ ವ್ಯಾಪಾರದ ಮುದುಕಿಯೊಬ್ಬಳ ಉತ್ತರಕ್ರಿಯೆಯಿದೆ, ಕೆಂಪು-ಕಪ್ಪು ಬಟ್ಟೆ ಉಟ್ಟು ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಕೂರುವುದರಲ್ಲಿ ತಮ್ಮ ಸಾಮರ್ಥ್ಯ ಪ್ರಶ್ನಾತೀತ. ಜೊತೆಗೆ ನೆರೆದವರಲ್ಲಿ ಯಾರ ಕಣ್ಣೀರು ನಿಜ, ಯಾರು ಫುಫು ಮುದ್ದೆ ಮತ್ತು ಸಾರಿಗಾಗಿ ಬಂದವರು ಎಂಬುದನ್ನು ತಾವು ಅಂಕಿಯಲ್ಲೇ ಹೇಳಿಬಿಟ್ಟರೆ ಸತ್ತವಳ ಮಕ್ಕಳಿಗೆ ಉಪಕಾರವಾಗುತ್ತದೆ. ಇನ್ನು ಆ ಮೇಕೆ. ನ್ಯಾಯ ಹೇಳಬೇಕಾದವಳು ನಡುವೆಯೇ ಎದ್ದು ಓಡಿದ್ದರಿಂದ ವ್ಯಾಜ್ಯ ಹಾಗೆಯೇ ನಿಂತಿದೆ. ಮೇಕೆ ಸತ್ತು ಅದರ ವಂಶ ಎಲ್ಲೆಲ್ಲೋ ಹೋಗಿದೆ, ಅದು ತಿಂದ ಪೈರಿನ ಜಾಗದಲ್ಲಿ ಕೋಕೋ ತೋಟವಿದೆ, ಆದರೆ ಎರಡು ಮನೆಯವರು ಇವತ್ತಿಗೂ ಚರ್ಚಿನಲ್ಲಿ ಒಂದು ಬೆಂಚಿನ ಮೇಲೆ ಕೂರುವುದಿಲ್ಲ. ಇಬ್ಬರೂ ತಮ್ಮ ತೀರ್ಪಿಗೆ ಬದ್ಧರೆಂದು ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾರೆ. ದಯವಿಟ್ಟು ಹೇಳಿ, ಮೇಕೆ ಯಾರದು?

ಆ ಕಾಗದ ಕಳಿಸಿ ಎರಡು ತಿಂಗಳು ಕಾದೆವು. ತಾವು ಬರಲಿಲ್ಲ. ಊರಲ್ಲಿ ಡಂಗುರ ಹೊಡೆಸಿದೆವು. ಡಂಗುರ ಅಷ್ಟು ದೂರ ಕೇಳಿಸದೆಂದು ಕೊನಾಡು ಆಸ್ಪತ್ರೆಯ ರಜೆಯ ಮೂರು ದಿನ ಗಾಜಿನ ಮುಂದೆ ನಿಂತು ಸಮನ್ಸನ್ನು ಓದಿದಳು. ಹ್ಯಾಡ್ಲಿಯವರು ಸಾಕ್ಷಿಗೆ ನಿಂತರು. ಮೂರನೆಯ ಓದಿನ ನಂತರ, "ಐವತ್ತೆರಡಾಯ್ತು ನೋಡಮ್ಮ, ಸ್ವಲ್ಪ ನಾಚಿಕೆಯಾಗಿರಬೇಕು," ಎಂದರಂತೆ. ನಮ್ಮ ಸಭೆ ಅದನ್ನು ನಾಚಿಕೆಯೆಂದು ಒಪ್ಪಲಿಲ್ಲ, ಉದ್ಧಟತನವೆಂದು ದಾಖಲಿಸಿತು.

ನಮ್ಮಲ್ಲಿ ಪೀಠ ಕೊಡುವವರಿಗೆ ಕಿತ್ತುಕೊಳ್ಳುವ ಹಕ್ಕೂ ಇದೆ. ಯಾವ ರಾಜನೂ ಅದಕ್ಕೆ ಹೊರತಲ್ಲ. ಕಳೆದ ಗುರುವಾರ ಒಡುಮ್‌ಕ್ರೋಮಿನ ನೂರಾರು ಹೆಂಗಸರು ಸೇರಿ ತಮ್ಮ ಮೇಲಿನ ಆರೋಪಗಳನ್ನು ಕೇಳಿದರು: ಸಾವಿನ ಮನೆಗೆ ಬಾರದವಳು, ಯಾರ ಕೂಸನ್ನೂ ಎತ್ತಿಕೊಳ್ಳದವಳು, ಊರ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳದವಳು, ಕೇಳಿದ ಪ್ರಶ್ನೆಗೆಲ್ಲ ಒಂದು ಅಂಕಿ ತೋರಿಸಿ ಸುಮ್ಮನಾಗುವವಳು. ಮೀನು ಮಾರುವ ಹೆಂಗಸೊಬ್ಬಳು ಎದ್ದು, "ಕೊನೇದು ಬಿಡಿ, ನನ್ನ ಗಂಡನೂ ಹಂಗೇ," ಎಂದಳು. ಅದೊಂದು ಆರೋಪವನ್ನು ಕೈಬಿಡಲಾಯಿತು. ಉಳಿದವುಗಳ ಮೇಲೆ ತಮ್ಮನ್ನು ಸರ್ವಾನುಮತದಿಂದ ಪೀಠದಿಂದ ಇಳಿಸಲಾಗಿದೆ. ಈ ಪತ್ರವೇ ಆದೇಶ.

ಈಗ ತಾವು ಕೂತಿರುವುದು ಅತಿಕ್ರಮಣ. ಪೀಠವನ್ನು ವಾಪಸು ಕೊಡಿ ಎಂದು ಈ ಪತ್ರದಲ್ಲಿ ಕೇಳಿಲ್ಲ. ಅದನ್ನು ಕೇಳುವ ಪತ್ರ ಬೇರೆ, ಅದರಲ್ಲಿ ಮಾನ್ಯರೇ ಎಂಬ ಪದ ಇರುವುದಿಲ್ಲ. ಇಲ್ಲಿ ಕೇಳಿರುವುದು ಒಂದು ಕೈ, ಒಂದು ನೂಕು, ಅರೆಗಳಿಗೆ. ಲೋಕದ ಅರ್ಧ ಭಾಗವನ್ನು ಎತ್ತಿ ತಂದ ಕೈಗಳಿಗೆ ಒಂದು ಪೀಠವನ್ನು ಮಲಗಿಸುವಷ್ಟು ಶಕ್ತಿ ಇಲ್ಲವೆಂದರೆ ನಂಬುವುದು ಹೇಗೆ?

ತೀರ್ಪಿನ ದಿನದಿಂದ ದೊಡ್ಡಮ್ಮ ಪೀಠದ ಮೇಲೆ ಕೂರುತ್ತಿಲ್ಲ. ಮನೆಯಲ್ಲಿರುವ ಪೀಠಗಳನ್ನೆಲ್ಲ ಮಲಗಿಸಿ, ಅಲ್ಲಿ ಅದೊಂದು ಮಲಗುವವರೆಗೆ ಇಲ್ಲಿ ಒಂದೂ ಏಳುವುದಿಲ್ಲ ಎಂದು ಚಾಪೆಗೆ ಇಳಿದಿದ್ದಾಳೆ. ಎಂಬತ್ತೊಂಬತ್ತರ ಮಂಡಿ ನೆಲದ ಮಾತು ಕೇಳುವುದಿಲ್ಲ. ಎಬ್ಬಿಸಲು ಇಬ್ಬರು ಬೇಕು. ನಿನ್ನೆ ಬೆಳಿಗ್ಗೆ ನಾನೂ ನನ್ನ ತಂಗಿಯೂ ಆಕೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆವು. ನಿಂತವಳೇ ಎಂಬತ್ತು ವರ್ಷದ ಅಭ್ಯಾಸದಿಂದ ಬಲಗೈಯನ್ನು ಹಿಂದಕ್ಕೆ ಚಾಚಿದಳು. ಮಲಗಿಸಲು ಅಲ್ಲೇನೂ ಇರಲಿಲ್ಲ. ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ಹುಡುಕಿತು.

ತಾವು ಏಳುವ ಕ್ಷಣದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಬಿರಾಗೊ ಆಂಪೊಮಾ
ಕಾರ್ಯದರ್ಶಿ, ಹೆಗ್ಗೆಣಸು ಮಾರುವವರ ಸಂಘ, ಕುಮಾಸಿ

ತಾಜಾಕಲಂ: ತಮ್ಮ ಅರಮನೆಯ ಕೆಳಮಹಡಿಯಲ್ಲಿ ಒಂದು ಅಂಗಡಿಯಿದೆ. ಅಲ್ಲಿ ಅಗ್ಯೈವಾಳ ಪೀಠದ ಅಂಗೈಯಗಲದ ಇಪ್ಪತ್ತಮೂರು ಪುಟ್ಟ ನಕಲುಗಳನ್ನು ನೆಟ್ಟಗೆ ನಿಲ್ಲಿಸಿದ್ದರು. ಹೊರಡುವ ಮುಂಚೆ ಒಂದೊಂದಾಗಿ ಮಲಗಿಸತೊಡಗಿದೆ. ಮಾರುವ ಹೆಂಗಸು, ಐವತ್ತು ದಾಟಿದವರು, ಎದೆಯ ಚೀಟಿಯಲ್ಲಿ ಮರೀನ್ ಎಂದಿತ್ತು, ಬಂದು "ಯಾಕಮ್ಮ?" ಎಂದರು. ಹೇಳಿದೆ. "ನಮ್ಮಮ್ಮನೂ ಹಂಗೇ, ಬಕೆಟ್ ಬೋರಲು ಹಾಕ್ದೆ ಹಿತ್ತಲ ಬಾಗಿಲು ಮುಚ್ತಿರ್ಲಿಲ್ಲ," ಎಂದವರು ಉಳಿದ ಒಂಬತ್ತನ್ನು ತಾವೇ ಮಲಗಿಸಿದರು. ಅವು ಇವತ್ತಿಗೂ ಮಲಗಿಯೇ ಇವೆಯಂತೆ. ಸಮಿತಿ ಕೂರಲಿಲ್ಲ, ವರದಿ ಬರಲಿಲ್ಲ. ಆ ಹೆಂಗಸನ್ನು ಇಪ್ಪತ್ತೇಳನೆಯ ಕೋಣೆಗೆ ಅರ್ಧ ಗಂಟೆಯ ಮಟ್ಟಿಗೆ ಎರವಲು ಕೊಡಬೇಕೆಂದು ಕೋರುತ್ತೇನೆ. ಎರವಲು ಎಂಬ ಪದ ತಮ್ಮವರಿಗೆ ಬಹಳ ಪ್ರಿಯವೆಂದು ಕೇಳಿದ್ದೇನೆ. ನಮ್ಮದನ್ನು ನಮಗೇ ಎರವಲು ಕೊಡುವಷ್ಟು ಉದಾರಿಗಳಂತೆ. ಭಯ ಬೇಡ, ಆಕೆಯನ್ನು ನಾವು ನೂರೈವತ್ತು ವರ್ಷ ಇಟ್ಟುಕೊಳ್ಳುವುದಿಲ್ಲ.